ಕ್ಯಾಲೆಂಡರಿನಲ್ಲಿ ಸಿಕ್ಕಿಬಿದ್ದ ತಲೆನೋವು

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತಿರುತ್ತದೆ. ಹಾಲು ತಪ್ಪಿದ ದಿನ, ಸಿಲಿಂಡರ್ ಬಂದ ದಿನ, ಕೆಲಸದವಳ ರಜೆ, ಚೀಟಿ ದುಡ್ಡು ಕಟ್ಟಬೇಕಾದ ತಾರೀಖು ಎಲ್ಲವೂ ಅದರ ಚೌಕಗಳೊಳಗೆ. ಕೆಲವು ವರ್ಷದ ಹಿಂದೆ ಆ ಚೌಕಗಳಿಗೆ ಇನ್ನೊಂದು ಗುರುತು ಸೇರಿತು: ಕೆಂಪು ಮಸಿಯ ಒಂದು ‘ತ’. ತಲೆನೋವು ಬಂದ ದಿನ ‘ತ’, ಮಾತ್ರೆ ನುಂಗಿದ್ದರೆ ಪಕ್ಕದಲ್ಲೊಂದು ಚುಕ್ಕೆ. ಹದಿನೈದು ವರ್ಷದ ಔಷಧೋಪಚಾರದಿಂದ ಆಗದ ಕೆಲಸ ಮೂರು ತಿಂಗಳ ಈ ಗೀಚಾಟದಿಂದ ಆಯಿತು.

ಆ ಹದಿನೈದು ವರ್ಷ ನನಗಿದ್ದದ್ದು ‘ಸೈನಸ್’. ನಾನೂ ಹಾಗೇ ನಂಬಿದ್ದೆ, ಮನೆಯವರೂ ನಂಬಿದ್ದರು, ತೋರಿಸಿದ ಇಬ್ಬರು ಡಾಕ್ಟರೂ ನಂಬಿದ್ದರು. ಹುಬ್ಬಿನ ಮೇಲೆ, ಕೆನ್ನೆ ಮೂಳೆಯ ಹತ್ತಿರ ನೋವು. ಮೂಗು ಕಟ್ಟಿದ ಹಾಗೆ. ಮೋಡ ಕವಿದರೆ ಜಾಸ್ತಿ. ಇನ್ನೇನು ಸಾಕ್ಷಿ ಬೇಕು? ನೀಲಗಿರಿ ಎಣ್ಣೆ ಹಾಕಿ ಆವಿ ತೆಗೆದುಕೊಂಡೆ, ಆ್ಯಂಟಿಬಯಾಟಿಕ್ ಕೋರ್ಸುಗಳನ್ನು ಮುಗಿಸಿದೆ, ಮೊಸರು ಬಿಟ್ಟೆ. ಕಡೆಗೆ ನರರೋಗ ತಜ್ಞೆಯೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ನೋವು ಬಂದಾಗ ಏನು ಮಾಡ್ತೀರಮ್ಮ?”

“ಪರದೆ ಎಳ್ಕೊಂಡು ಮಲಗಿಬಿಡ್ತೀನಿ. ಪಕ್ಕದ ಮನೆ ಕುಕ್ಕರ್ ಕೂಗಿದ್ರೂ ತಡೆಯಕ್ಕಾಗಲ್ಲ. ವಾಂತಿಯಾದ್ರೆ ಸ್ವಲ್ಪ ಹಗುರ.”

ಅವರು ಪೆನ್ನು ಕೆಳಗಿಟ್ಟರು. “ಸೈನಸ್ ಇದ್ದೋರಿಗೆ ಕುಕ್ಕರ್ ಸದ್ದು ಯಾಕೆ ತೊಂದರೆ ಕೊಡುತ್ತೆ, ಹೇಳಿ?”

ಈ ತಪ್ಪು ನನ್ನೊಬ್ಬಳದಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತಮಗಿರುವುದು ಸೈನಸ್ ತಲೆನೋವು ಎಂದುಕೊಂಡಿದ್ದ 2,991 ಜನರನ್ನು ಪರೀಕ್ಷಿಸಿದಾಗ ಶೇ 88ರಷ್ಟು ಮಂದಿಯ ಲಕ್ಷಣಗಳು ಮೈಗ್ರೇನಿಗೆ ಹೊಂದುತ್ತಿದ್ದವು. ಮೂಗಿನ ಗೂಡುಗಳಿಂದಲೂ ಹಣೆಯಿಂದಲೂ ಕಣ್ಣಿನಿಂದಲೂ ನೋವಿನ ಸುದ್ದಿ ಒಯ್ಯುವ ನರ ಒಂದೇ, ಟ್ರೈಜೆಮಿನಲ್ ನರ. ಮೈಗ್ರೇನಿನಲ್ಲಿ ಅದು ಕೆರಳಿದಾಗ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ನಿಜವಾದ ಸೈನಸ್ ಸೋಂಕಿನಲ್ಲಿ ಹಳದಿ ಇಲ್ಲವೇ ಹಸಿರು ಬಣ್ಣದ ಗಟ್ಟಿ ಸಿಂಬಳ ಇರುತ್ತದೆ, ವಾಸನೆ ತಿಳಿಯುವುದಿಲ್ಲ, ಎಷ್ಟೋ ಸಲ ಜ್ವರ ಕಾಯುತ್ತದೆ. ಅದು ಎರಡು ದಿನ ಕಾಡಿ ಮಾಯವಾಗಿ, ತಿಂಗಳಿಗೊಮ್ಮೆ ತಾರೀಖು ಹಿಡಿದು ಬರುವ ಕಾಯಿಲೆಯಲ್ಲ.

ನೋಯುವುದು ಮಿದುಳಲ್ಲ

ಮಿದುಳಿಗೆ ನೋವು ಗೊತ್ತಾಗುವುದಿಲ್ಲ. ನೋವು ತಿಳಿಯುವ ನರತುದಿಗಳೇ ಅದರಲ್ಲಿಲ್ಲ. ರೋಗಿ ಎಚ್ಚರವಾಗಿದ್ದಾಗಲೇ ಮಿದುಳಿನ ಆಪರೇಷನ್ ಮಾಡಲು ಸಾಧ್ಯವಾಗಿರುವುದು ಅದರಿಂದಲೇ. ನೋಯುವುದು ಮಿದುಳಿನ ಸುತ್ತಲ ಪೊರೆ, ರಕ್ತನಾಳಗಳು, ತಲೆ ಮತ್ತು ಕತ್ತಿನ ಸ್ನಾಯುಗಳು. ಸುಶ್ರುತ ಸಂಹಿತೆ ಶಿರೋರೋಗಗಳನ್ನು ಹನ್ನೊಂದಾಗಿ ವಿಂಗಡಿಸಿದೆ. ಅರ್ಧ ತಲೆಯನ್ನು ಹಿಡಿಯುವ ‘ಅರ್ಧಾವಭೇದಕ’, ಸೂರ್ಯನ ಜತೆ ಏರಿ ಸೂರ್ಯನ ಜತೆ ಇಳಿಯುವ ‘ಸೂರ್ಯಾವರ್ತ’ ಆ ಪಟ್ಟಿಯಲ್ಲಿವೆ. ಅಂತರರಾಷ್ಟ್ರೀಯ ತಲೆನೋವು ಸೊಸೈಟಿಯ ಈಗಿನ ಪಟ್ಟಿ ನೂರನ್ನು ದಾಟಿದೆ. ನಮ್ಮ ಕೆಲಸಕ್ಕೆ ಎರಡು ಗುಂಪು ಸಾಕು. ತಲೆನೋವೇ ಕಾಯಿಲೆಯಾಗಿರುವುದು ಒಂದು. ಬೇರೆ ಯಾವುದೋ ಕಾಯಿಲೆ ತಲೆನೋವಾಗಿ ಕಾಣಿಸಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಟೆನ್ಷನ್ ತಲೆನೋವು, ಮೈಗ್ರೇನ್, ಕ್ಲಸ್ಟರ್ ಮುಖ್ಯ. ಪ್ರಾಣಕ್ಕೆ ಸಂಚಕಾರ ತರುವವು ಎರಡನೆಯದರಲ್ಲಿವೆ.

ತಲೆನೋವು ಐಟಿ ಕಂಪನಿಯವರ ಕಾಯಿಲೆ ಎಂದು ಹೇಳುವವರಿಗೆ ಒಂದು ಲೆಕ್ಕ ಹೇಳಬೇಕು. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಗ್ರಾಮಾಂತರದ 2,329 ಜನರನ್ನು ಮನೆಮನೆಗೆ ಹೋಗಿ ಮಾತಾಡಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷದೊಳಗೆ ಒಮ್ಮೆಯಾದರೂ ತಲೆನೋವು ಬಂದವರು ಶೇ 63.9. ಮೈಗ್ರೇನ್ ಇದ್ದವರು ಶೇ 25.2, ಅಂದರೆ ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಬಿಸಿಲಲ್ಲಿ ಕಳೆ ಕೀಳುವ ಹೆಂಗಸಿನ ತಲೆನೋವಿಗೆ ಹೆಸರು ಕೊಟ್ಟವರಿಲ್ಲ, ಅಷ್ಟೇ.

ಹಬ್ಬದ ದಿನವೇ ಯಾಕೆ?

ಮೈಗ್ರೇನ್ ಅಂದರೆ ಬರೀ ಜೋರಾದ ತಲೆನೋವು ಎಂದು ತಿಳಿದಿರುವವರೇ ಜಾಸ್ತಿ. ಅದರ ಗುರುತು ನೋವಿನ ಜೋರಲ್ಲಿಲ್ಲ, ಅದರ ಪರಿವಾರದಲ್ಲಿದೆ. ಔಷಧ ತೆಗೆದುಕೊಳ್ಳದಿದ್ದರೆ 4 ಗಂಟೆಯಿಂದ 72 ಗಂಟೆ ಇರುತ್ತದೆ. ಹೆಚ್ಚಾಗಿ ಒಂದೇ ಕಡೆ, ನಾಡಿ ಬಡಿದಂತೆ ಪಟಪಟ ಹೊಡೆಯುತ್ತದೆ. ಮೆಟ್ಟಿಲು ಹತ್ತಿದರೆ, ಬಗ್ಗಿ ಕಸ ಗುಡಿಸಿದರೆ ಹೆಚ್ಚುತ್ತದೆ. ಜತೆಗೆ ಹೊಟ್ಟೆ ತೊಳಸುವುದು, ವಾಂತಿ, ಇಲ್ಲವೇ ಬೆಳಕು-ಸದ್ದು ಎರಡೂ ಬೇಡವಾಗುವುದು. ಎರಡೂ ಕಡೆ ನೋಯುವುದೂ ಉಂಟು. ಮಕ್ಕಳಲ್ಲಂತೂ ಹಣೆಯ ಎರಡೂ ಬದಿ ನೋಯುವುದೇ ಹೆಚ್ಚು, ಹೊತ್ತೂ ಕಡಿಮೆ. ಶಾಲೆಯಿಂದ ಬಂದು ಬ್ಯಾಗ್ ಎಸೆದು, ಒಂದು ವಾಂತಿ ಮಾಡಿ, ಎರಡು ಗಂಟೆ ನಿದ್ದೆ ಹೊಡೆದು, ಎದ್ದು ಆಡಲು ಓಡುವ ಮಗು ನಾಟಕ ಮಾಡುತ್ತಿಲ್ಲ. ಅಮ್ಮನಿಗೆ ಮೈಗ್ರೇನ್ ಇದೆಯೇ ಎಂದು ಕೇಳಿ ನೋಡಿ.

ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಕೋಟೆ ಗೋಡೆಯ ಅಂಚಿನಂಥ ಅಂಕುಡೊಂಕು ಗೆರೆಗಳು ಮಿಂಚುತ್ತವೆ, ಅಥವಾ ಬೆರಳಿನಿಂದ ತುಟಿಯವರೆಗೆ ಜುಮುಜುಮು ಹರಿಯುತ್ತದೆ. ಇದು ಔರಾ, 5ರಿಂದ 60 ನಿಮಿಷದೊಳಗೆ ಹೋಗುತ್ತದೆ. ಔರಾ ಇರುವ ಹೆಂಗಸರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಸ್ತ್ರೀರೋಗ ತಜ್ಞರು ಕೇಳದಿದ್ದರೂ ನೀವಾಗಿ ಹೇಳಬೇಕಾದ ಮಾತು ಇದು.

ನನ್ನ ಕ್ಯಾಲೆಂಡರಿಗೆ ಬರುತ್ತೇನೆ. ಮೂರು ತಿಂಗಳ ಕೆಂಪು ‘ತ’ಗಳಲ್ಲಿ ಐದು, ಹಬ್ಬ ಇಲ್ಲವೇ ಏಕಾದಶಿಯ ಚೌಕದಲ್ಲಿದ್ದವು. ಅತ್ತೆ ದೃಷ್ಟಿ ಎಂದರು. ಶ್ರಾವಣದ ವರಮಹಾಲಕ್ಷ್ಮಿ ಶುಕ್ರವಾರವನ್ನೇ ಬಿಡಿಸಿ ನೋಡಿ. ಹಿಂದಿನ ರಾತ್ರಿ ಮಂಟಪ ಕಟ್ಟಿ ಮಲಗುವಾಗ ಹನ್ನೆರಡು. ನಾಲ್ಕಕ್ಕೆ ಎದ್ದು ತಲೆಗೆ ಸ್ನಾನ, ಒದ್ದೆ ಕೂದಲಿಗೆ ಟವೆಲ್ ಬಿಗಿದು ಒಬ್ಬಟ್ಟಿನ ಒಲೆ ಮುಂದೆ. ಪೂಜೆ ಮುಗಿಯುವವರೆಗೆ ಹೊಟ್ಟೆಗೇನೂ ಇಲ್ಲ, ಕಾಫಿಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಅಗರಬತ್ತಿ, ಧೂಪ. ಮಧ್ಯಾಹ್ನ ಎರಡಕ್ಕೆ ಎಲೆ ಹಾಕುವ ಹೊತ್ತಿಗೆ ಎಡಗಣ್ಣಿನ ಹಿಂದೆ ಯಾರೋ ಮೊಳೆ ಹೊಡೆಯಲು ಶುರು. ನಿದ್ದೆಗೇಡು, ಉಪವಾಸ, ಕಟು ವಾಸನೆ, ತಲೆಸ್ನಾನ ಒಂದೊಂದೇ ಬಂದಿದ್ದರೆ ನನ್ನ ತಲೆ ಸಹಿಸಿಕೊಳ್ಳುತ್ತಿತ್ತೋ ಏನೋ. ಎಲ್ಲವೂ ಒಟ್ಟಿಗೆ ಬಂದರೆ ಲಕ್ಷ್ಮಿ ತಾನೇ ಏನು ಮಾಡಿಯಾಳು?

ಇದರಲ್ಲಿ ಎರಡು ಮಾತು ಬಿಡಿಸಿ ಹೇಳಬೇಕು. ಕಾಫಿಯದು ಬೇರೆಯೇ ತಲೆನೋವು. ದಿನಾ ಎರಡು ಮೂರು ಲೋಟ ಗಟ್ಟಿ ಫಿಲ್ಟರ್ ಕಾಫಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 24 ಗಂಟೆಯೊಳಗೆ ತಲೆ ಸಿಡಿಯುತ್ತದೆ; ಒಂದು ಲೋಟ ಕುಡಿದರೆ ಗಂಟೆಯೊಳಗೆ ಇಳಿಯುತ್ತದೆ. ಕಾಫಿ ಬಿಡುವುದಿದ್ದರೆ ವಾರಕ್ಕೆ ಅರ್ಧ ಲೋಟದಂತೆ ಇಳಿಸಿ.

ಇನ್ನೊಂದು ತಲೆಸ್ನಾನ. ಮುಂಬಯಿಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್, ತಲೆಸ್ನಾನದಿಂದ ಮೈಗ್ರೇನ್ ಎದ್ದ 94 ಭಾರತೀಯ ರೋಗಿಗಳನ್ನು ಗಮನಿಸಿ 2006ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ನಮ್ಮ ಅಜ್ಜಿಯರು ‘ತಲೆಗೆ ಹುಯ್ಕೊಂಡ್ರೆ ಆಗಲ್ಲ’ ಎನ್ನುತ್ತಿದ್ದುದಕ್ಕೆ ಪುರಾವೆ ಸಿಕ್ಕಿತು. ಕೂದಲನ್ನು ಬೇಗ ಒಣಗಿಸಿಕೊಳ್ಳುವುದು, ಉಪವಾಸದ ದಿನ ತಲೆಸ್ನಾನ ಇಟ್ಟುಕೊಳ್ಳದಿರುವುದು ನನಗಂತೂ ಫಲ ಕೊಟ್ಟಿದೆ. ಆದರೆ ಎಚ್ಚರ: ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದು, ಸ್ನಾನ ಮಾಡುವಾಗಲೇ ತಲೆ ನೋಯುತ್ತಾ ತಲೆಸುತ್ತು ಬಂದು, ಹೊರಗೆ ಬಂದರೆ ಸರಿಹೋಗುತ್ತಿದ್ದರೆ, ಮನೆಯ ಇತರರಿಗೂ ಹಾಗೇ ಆಗುತ್ತಿದ್ದರೆ ಅದು ಮೈಗ್ರೇನ್ ಅಲ್ಲ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಕೊಲ್ಲುತ್ತದೆ. ಈವತ್ತೇ ಪ್ಲಂಬರನ್ನು ಕರೆಸಿ ಗೀಸರನ್ನು ಬಚ್ಚಲಿನ ಹೊರಗೆ ಹಾಕಿಸಿ.

ಪಟ್ಟಿ ಬಿಗಿದ ನೋವು, ಅಳಿಸುವ ನೋವು

ಟೆನ್ಷನ್ ತಲೆನೋವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಲೆಗೆ ಪೇಟ ಬಿಗಿದಂತೆ ಎರಡೂ ಕಡೆ ಒತ್ತುವ ನೋವು. ವಾಂತಿಯಿಲ್ಲ, ಓಡಾಡಿದರೆ ಹೆಚ್ಚುವುದಿಲ್ಲ. ಅರ್ಧ ಗಂಟೆಯಿಂದ ವಾರದವರೆಗೂ ಇರಬಹುದು. ಒಂದು ಪ್ಯಾರಾಸಿಟಮಾಲ್, ಒಂದಿಷ್ಟು ನಿದ್ದೆ, ಕತ್ತಿಗೆ ಬಿಸಿ ಶಾಖ, ಹಣೆಗೆ ಅಮೃತಾಂಜನ್ ಸಾಕು. ಮೆಂಥಾಲ್ ಹಚ್ಚಿದರೆ ಈ ನೋವು ತಗ್ಗುವುದು ನಿಜ. ಶುಂಠಿ ತೇಯ್ದು ಪಟ್ಟು ಹಾಕುವವರು ಚರ್ಮ ಸುಡದಂತೆ ನೋಡಿಕೊಳ್ಳಿ.

ಕ್ಲಸ್ಟರ್ ಅಪರೂಪ, ಆದರೆ ಮನುಷ್ಯ ಅನುಭವಿಸುವ ಘೋರ ನೋವುಗಳಲ್ಲೊಂದು. ಹೆಚ್ಚಾಗಿ ಗಂಡಸರಿಗೆ. ಒಂದೇ ಕಣ್ಣಿನ ಸುತ್ತ, 15 ನಿಮಿಷದಿಂದ 3 ಗಂಟೆ. ಕೆಲವೊಮ್ಮೆ ದಿನಕ್ಕೆ ಎಂಟು ಸಲದವರೆಗೂ. ಅದೇ ಬದಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಮೂಗು ಸೋರುತ್ತದೆ, ರೆಪ್ಪೆ ಜೋತುಬೀಳುತ್ತದೆ. ರಾತ್ರಿ ಗಡಿಯಾರ ನೋಡಿಕೊಂಡು ಬಂದಂತೆ ಒಂದೇ ಹೊತ್ತಿಗೆ ಬರುವುದುಂಟು. ಮೈಗ್ರೇನ್ ಬಂದವರು ಅಲುಗಾಡದೆ ಮಲಗುತ್ತಾರೆ. ಕ್ಲಸ್ಟರ್ ಬಂದವರು ಮಲಗಲಾರರು, ಕೋಣೆಯಲ್ಲಿ ಶತಪಥ ಹಾಕುತ್ತಾರೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ. ಇದಕ್ಕೆ ಡೋಲೋ ನುಂಗಿದರೆ ಏನೂ ಆಗದು. ಮಾಸ್ಕ್ ಹಾಕಿ ನಿಮಿಷಕ್ಕೆ 12ರಿಂದ 15 ಲೀಟರಿನಂತೆ ಶುದ್ಧ ಆಮ್ಲಜನಕ ಕೊಟ್ಟರೆ ಬಹಳಷ್ಟು ಜನರಿಗೆ ಕಾಲು ಗಂಟೆಯಲ್ಲಿ ಇಳಿಯುತ್ತದೆ. ಸುಮಾಟ್ರಿಪ್ಟಾನ್ ಇಂಜೆಕ್ಷನ್ ಕೂಡ ಕೆಲಸ ಮಾಡುತ್ತದೆ. ಮರುಕಳಿಸದಂತೆ ವೆರಾಪಮಿಲ್ ಕೊಡುತ್ತಾರೆ. ಹಲ್ಲುನೋವೆಂದು ಹಲ್ಲು ಕೀಳಿಸಿಕೊಳ್ಳುವ ಮೊದಲು ನರರೋಗ ತಜ್ಞರನ್ನು ಕಾಣಬೇಕು.

ಮಾತ್ರೆಯ ಲೆಕ್ಕ

ಮೈಗ್ರೇನಿನ ಔಷಧಕ್ಕೆ ಒಂದು ಗುಟ್ಟಿದೆ: ಬೇಗ ನುಂಗಬೇಕು. ‘ನೋಡೋಣ, ತಾನಾಗೇ ಹೋಗುತ್ತೇನೋ’ ಎಂದು ನಾವು ಕಾಯುವಷ್ಟರಲ್ಲಿ ಹೊಟ್ಟೆ ಮುಷ್ಕರ ಹೂಡಿರುತ್ತದೆ. ಮೈಗ್ರೇನಿನಲ್ಲಿ ಜಠರದ ಚಲನೆ ನಿಧಾನವಾಗುವುದರಿಂದ ನುಂಗಿದ ಮಾತ್ರೆ ಅಲ್ಲೇ ಕೂತಿರುತ್ತದೆ. ಡಾಕ್ಟರು ನೋವಿನ ಮಾತ್ರೆಯ ಜತೆ ಡೊಂಪೆರಿಡೋನ್‌ನಂಥ ವಾಂತಿ ಮಾತ್ರೆ ಬರೆಯುವುದು ಅದಕ್ಕೇ. ದೊಡ್ಡವರಿಗೆ ಪ್ಯಾರಾಸಿಟಮಾಲ್ 500ರಿಂದ 1,000 ಮಿಲಿಗ್ರಾಂ, ದಿನಕ್ಕೆ 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇದ್ದವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. ಐಬುಪ್ರೊಫೆನ್ 400 ಅಥವಾ ನ್ಯಾಪ್ರೊಕ್ಸೆನ್ 500 ಮೈಗ್ರೇನಿಗೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಅಲ್ಸರ್, ಕಿಡ್ನಿ ತೊಂದರೆ ಇದ್ದವರಿಗೆ, ಬಸುರಿಯರಿಗೆ ಅವು ಸಲ್ಲವು. ಆಸ್ತಮಾ ಇದ್ದವರು ಕೇಳದೆ ನುಂಗಬಾರದು. ಇವಕ್ಕೆ ಬಗ್ಗದಿದ್ದರೆ ಟ್ರಿಪ್ಟಾನ್‌ಗಳು: ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್. ಮೈಗ್ರೇನಿಗೆಂದೇ ಮಾಡಿದ ಔಷಧ ಇವು. ಹೃದಯದ ಕಾಯಿಲೆ, ಪಾರ್ಶ್ವವಾಯು, ಹತೋಟಿಯಲ್ಲಿಲ್ಲದ ಬಿಪಿ ಇದ್ದವರು ಮುಟ್ಟುವಂತಿಲ್ಲ.

ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ‘ತ’ ಬಿದ್ದರೆ ತಡೆಯುವ ಔಷಧದ ಮಾತಾಡಬೇಕು. ಇಲ್ಲೊಂದು ತಮಾಷೆ ನಡೆಯುತ್ತದೆ. ಪ್ರೊಪ್ರಾನೊಲೋಲ್ ಚೀಟಿ ಹಿಡಿದು ಹೋದರೆ ಮೆಡಿಕಲ್ ಶಾಪಿನವನು “ಇದು ಬಿಪಿ ಮಾತ್ರೆ, ನಿಮಗ್ಯಾಕೆ ಮೇಡಂ?” ಅನ್ನುತ್ತಾನೆ. ಅಮಿಟ್ರಿಪ್ಟಿಲಿನ್ ಬರೆದಿದ್ದರೆ ಮಗ ಮೊಬೈಲಿನಲ್ಲಿ ನೋಡಿ “ಅಮ್ಮಾ, ಇದು ಡಿಪ್ರೆಷನ್‌ದು” ಅನ್ನುತ್ತಾನೆ. ಟೋಪಿರಮೇಟ್ ಆದರೆ ‘ಫಿಟ್ಸ್ ಮಾತ್ರೆ’. ಮಾತ್ರೆ ಕಸದ ಬುಟ್ಟಿ ಸೇರುತ್ತದೆ. ಇವೆಲ್ಲ ಬೇರೆ ಕಾಯಿಲೆಗೆ ಬಂದು, ಮೈಗ್ರೇನನ್ನೂ ತಡೆಯುತ್ತವೆ ಎಂದು ಗೊತ್ತಾದ ಔಷಧಗಳು. ಫಲ ಕಾಣಲು ಆರರಿಂದ ಎಂಟು ವಾರ ಬೇಕು; ನೋವಿನ ದಿನ ಅರ್ಧಕ್ಕಿಳಿದರೆ ಗೆದ್ದಂತೆಯೇ ಲೆಕ್ಕ. ಆಸ್ತಮಾ ಇದ್ದವರಿಗೆ ಪ್ರೊಪ್ರಾನೊಲೋಲ್ ಕೂಡದು. ಬಸುರಾಗಬಹುದಾದ ವಯಸ್ಸಿನವರು, ಡಾಕ್ಟರು ವಾಲ್ಪ್ರೊಯೇಟ್, ಟೋಪಿರಮೇಟ್ ಬರೆದರೆ ಮಗುವಿನ ಮಾತನ್ನು ಎತ್ತಲೇಬೇಕು. ನಮ್ಮಲ್ಲಿ ಹೆಚ್ಚು ಬರೆಯುವ ಫ್ಲೂನರಿಜಿನ್ ನಿದ್ದೆ ಬರಿಸುತ್ತದೆ, ತೂಕ ಏರಿಸುತ್ತದೆ. ಇತ್ತೀಚೆಗೆ ಸಿಜಿಆರ್‌ಪಿ ಎಂಬ ರಾಸಾಯನಿಕವನ್ನೇ ತಡೆಯುವ ಇಂಜೆಕ್ಷನ್‌ಗಳು ಬಂದಿವೆ. ಮೊದಲನೆಯದಕ್ಕೆ 2018ರಲ್ಲಿ ಅನುಮತಿ ಸಿಕ್ಕಿತು. ಆ ದಾರಿ ಕಂಡುಹಿಡಿದ ನಾಲ್ವರು ವಿಜ್ಞಾನಿಗಳಿಗೆ 2021ರ ಬ್ರೇನ್ ಪ್ರೈಜ್ ಬಂತು. ನಮ್ಮ ಜೇಬಿಗೆ ಇನ್ನೂ ಭಾರ.

ಈಗ ಚುಕ್ಕೆಗಳ ವಿಷಯ. ನನ್ನ ಕ್ಯಾಲೆಂಡರಿನಲ್ಲಿ ‘ತ’ ನೋಡಿ ತಜ್ಞೆ ಏನೂ ಅನ್ನಲಿಲ್ಲ, ಚುಕ್ಕೆ ಎಣಿಸಿ ಹುಬ್ಬೇರಿಸಿದರು. ತಿಂಗಳಿಗೆ ಹದಿನೇಳು. ಮೂರು ತಿಂಗಳಿಗೂ ಹೆಚ್ಚು ಕಾಲ, ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ಸಾದಾ ನೋವಿನ ಮಾತ್ರೆ ನುಂಗಿದರೆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ. ಟ್ರಿಪ್ಟಾನ್, ಎರ್ಗೊಟಮಿನ್ ಅಥವಾ ಕೆಫೀನ್ ಬೆರೆತ ಮಿಶ್ರ ಮಾತ್ರೆಗಳಿಗೆ 10 ದಿನವೇ ಸಾಕು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ತಲೆನೋವಿನ ಮಾತ್ರೆಗಳಲ್ಲಿ ಎಷ್ಟೋ ಇಂಥ ಮಿಶ್ರಣಗಳೇ. ಹಾಳೆಯ ಹಿಂದಿನ ಸಣ್ಣಕ್ಷರ ಓದಿ. ಬೆಳಿಗ್ಗೆ ಏಳುವಾಗಲೇ ತಲೆನೋವು, ಮಾತ್ರೆ ನುಂಗಿದರೆ ಕಾಫಿ ಹೊತ್ತಿಗೆ ಹಗುರ, ಸಂಜೆಗೆ ಮತ್ತೆ ಹಾಜರು: ಇದೇ ಅದರ ಚಾಳಿ. ಪರಿಹಾರ, ಆ ಮಾತ್ರೆ ನಿಲ್ಲಿಸುವುದು. ಮೊದಲ ವಾರ ನರಕ. ಒಂಬತ್ತನೆಯ ದಿನ ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಹಾಲು ಕಾಯಿಸಿ, ಪೇಪರ್ ಓದುವಾಗ ನನಗೆ ನೆನಪಾಯಿತು, ತಲೆ ನೋಯುತ್ತಿಲ್ಲ ಎಂದು. ದಿನಾ ಬಹಳ ಮಾತ್ರೆ ನುಂಗುವವರು ಡಾಕ್ಟರ ಕೈಹಿಡಿದೇ ನಿಲ್ಲಿಸಬೇಕು.

ಬಿಪಿಯೂ ಅಲ್ಲ, ಕನ್ನಡಕವೂ ಅಲ್ಲ

ತಲೆ ನೋಯುತ್ತಿದೆ ಅಂದರೆ ಬಿಪಿ ಏರಿದೆ ಎನ್ನುವುದು ನಮ್ಮಲ್ಲಿ ವೇದವಾಕ್ಯ. ಸಾಧಾರಣವಾಗಿ ಏರಿದ ಬಿಪಿ ತಲೆನೋವು ತರುವುದಿಲ್ಲ. 180/120ರ ಆಸುಪಾಸಿಗೆ ಹೋದಾಗ ತರಬಹುದು. ಈ ನಂಬಿಕೆಯಿಂದ ಎರಡು ಕೇಡು. ತಲೆ ನೋಯದಿದ್ದರೆ ಬಿಪಿ ಮಾತ್ರೆ ಬಿಡುವವರಿದ್ದಾರೆ. ಮೈಗ್ರೇನ್ ಇಟ್ಟುಕೊಂಡು ಬಿಪಿ ಅಳೆಸುತ್ತಾ ಕೂರುವವರೂ ಇದ್ದಾರೆ. ಕನ್ನಡಕದ ನಂಬರ್ ಬದಲಾದದ್ದೇ ತಲೆನೋವಿಗೆ ಕಾರಣವಾಗಿರುವುದೂ ಕಡಿಮೆ. ಇನ್ನು ಸ್ಕ್ಯಾನ್: ಮೈಗ್ರೇನ್ ಎಂಆರ್‌ಐನಲ್ಲಿ ಕಾಣುವುದಿಲ್ಲ. ರಿಪೋರ್ಟು ನಾರ್ಮಲ್ ಬಂದರೆ ‘ಏನೂ ಇಲ್ಲವಂತೆ, ಬರೀ ನೆಪ’ ಎಂದು ಮನೆಯವರು ತೀರ್ಪು ಕೊಡುವುದು ಅನ್ಯಾಯ.

ಕಾಯಬಾರದ ನೋವು

ಸ್ಕ್ಯಾನ್ ಬೇಕಾಗುವ ತಲೆನೋವು ಬೇರೆಯೇ ಇದೆ. ಒಂದು ನಿಮಿಷದೊಳಗೆ ತುತ್ತತುದಿಗೆ ಏರುವ, ಸಿಡಿಲು ಬಡಿದಂಥ ನೋವು ಮಿದುಳಿನ ರಕ್ತನಾಳ ಒಡೆದ ಸೂಚನೆ ಇರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. ಜ್ವರದ ಜತೆ ಕತ್ತು ಬಗ್ಗದಿರುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್, ತಲೆಗೆ ಪೆಟ್ಟು ಬಿದ್ದ ಮೇಲೆ ಹೆಚ್ಚುತ್ತಾ ಹೋಗುವ ನೋವು, ಇವಕ್ಕೂ ಅಷ್ಟೇ. ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು ವಾಂತಿಯಾದರೆ ಗ್ಲಾಕೋಮಾ ಇರಬಹುದು. ಅದೇ ದಿನ ಕಣ್ಣಿನ ಡಾಕ್ಟರನ್ನು ಕಾಣಬೇಕು. ವಾರಗಟ್ಟಲೆ ಸಣ್ಣ ಜ್ವರ, ತೂಕ ಇಳಿಕೆ, ಮಂಕು, ಜತೆಗೆ ತಲೆನೋವು ಎಂದರೆ ಮಿದುಳು ಪೊರೆಯ ಕ್ಷಯವಿದೆಯೇ ಎಂದು ನೋಡಬೇಕು.

ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವನ್ನು ಹಗುರವಾಗಿ ಕಾಣಬೇಡಿ. ಅಗಿಯುವಾಗ ದವಡೆ ನೋವು, ಕಣತಲೆ ಮುಟ್ಟಿದರೆ ನೋವು, ದೃಷ್ಟಿ ಮಬ್ಬು ಇದ್ದರೆ ಅದು ರಕ್ತನಾಳದ ಉರಿಯೂತ ಇರಬಹುದು. ಸ್ಟೀರಾಯ್ಡ್ ತಡವಾದರೆ ಕಣ್ಣು ಹೋಗುತ್ತದೆ.

ಬಾಣಂತಿಯ ತಲೆನೋವನ್ನು ಮಾತ್ರ ‘ನಂಜು, ಶೀತ’ ಎಂದು ಕಷಾಯ ಕೊಟ್ಟು ಮಲಗಿಸಬೇಡಿ. ಹೆರಿಗೆಯಾದ ಮೇಲಿನ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಮಿದುಳಿನಿಂದ ರಕ್ತ ಹಿಂದಿರುಗಿಸುವ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದರೆ ಮೊದಲು ಕಾಣುವುದು ತಲೆನೋವೇ, ಆಮೇಲೆ ಫಿಟ್ಸ್. ಹೊಟ್ಟೆ ದಪ್ಪವಾಗುತ್ತದೆಂದು ಬಾಣಂತಿಗೆ ನೀರು ಕೊಡದಿರುವ ನಮ್ಮ ಹಳೆಯ ಪದ್ಧತಿ ಈ ಅಪಾಯಕ್ಕೆ ತುಪ್ಪ ಸುರಿಯುತ್ತದೆ. ಕೇಳಿದಷ್ಟು ನೀರು ಕೊಡಿ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದು, ಎದ್ದು ಕೂತರೆ ನೋವು, ಮಲಗಿದರೆ ಇಲ್ಲ ಎನ್ನುವುದಾದರೆ ಅದು ಬೆನ್ನುಹುರಿಯ ಸುತ್ತಲ ದ್ರವ ಸೋರಿದ್ದರಿಂದ. ಅದಕ್ಕೂ ಚಿಕಿತ್ಸೆ ಇದೆ, ಆಸ್ಪತ್ರೆಗೆ ಹೇಳಬೇಕು.

ಮಳೆಗಾಲದಲ್ಲಿ ಜ್ವರದೊಂದಿಗೆ ಕಣ್ಣುಗುಡ್ಡೆಯ ಹಿಂದೆ ನೋವು ಬಂದರೆ ಡೆಂಗಿ ಎಂದೇ ಅನುಮಾನಿಸಿ, ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಯಾವ ನೋವಿನ ಮಾತ್ರೆಯನ್ನೂ ಮುಟ್ಟಬೇಡಿ. ಆ್ಯಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ. ಮಲೆನಾಡಿನವರು ಚಳಿಗಾಲ ಕಳೆಯುವಾಗಿನಿಂದ ಬೇಸಿಗೆಯವರೆಗೆ, ಕಾಡಿಗೆ ಹೋಗಿ ಬಂದ ಮೇಲೆ ಏಕಾಏಕಿ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಮಂಗನ ಕಾಯಿಲೆಯ ಪರೀಕ್ಷೆ ಮಾಡಿಸಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಇನ್ನೂ ಹೋಗಿಲ್ಲ.

ಇವ್ಯಾವುವೂ ಇಲ್ಲದೆ ಬಂದುಹೋಗುವ ತಲೆನೋವು ನಿಮ್ಮದಾದರೆ, ಈವತ್ತಿನ ತಾರೀಖಿನಿಂದಲೇ ಕ್ಯಾಲೆಂಡರಿನಲ್ಲಿ ಬರೆಯಲು ಶುರುಮಾಡಿ. ತಲೆನೋವಿಗೆ ‘ತ’, ಮಾತ್ರೆಗೆ ಚುಕ್ಕೆ, ಮುಟ್ಟಿನ ದಿನಕ್ಕೊಂದು ಸುತ್ತು. ಮೂರು ತಿಂಗಳಾದ ಮೇಲೆ ಆ ಹಾಳೆಗಳನ್ನೇ ಹರಿದುಕೊಂಡು ಡಾಕ್ಟರ ಹತ್ತಿರ ಹೋಗಿ. ನುಂಗಿದ ಮಾತ್ರೆಗಳ ಖಾಲಿ ಹಾಳೆಗಳನ್ನೂ ಒಂದು ಕವರಿನಲ್ಲಿ ಹಾಕಿಕೊಳ್ಳಿ.